ದುರ್ಗಸಿಂಹನ ಪಂಚತಂತ್ರ ಮತ್ತು ಅಧ್ಯಾಪನ ವಿಚಾರ

ಕನ್ನಡ ಸಾಹಿತ್ಯಚರಿತ್ರೆಯನ್ನು ವ್ಯಾಸಂಗ ಮಾಡಿದ ಯಾವ ವಿದ್ಯಾರ್ಥಿಗೂ ದುರ್ಗಸಿಂಹನ ಹೆಸರು ಅಪರಿಚಿತವಲ್ಲ. ಜಗದೇಕಮಲ್ಲನೆಂಬ ಬಿರುದುಳ್ಳ ಚಾಳುಕ್ಯ ಚಕ್ರವರ್ತಿ ಇಮ್ಮಡಿ ಜಯಸಿಂಹನಲ್ಲಿ ಅವನು ಸಂಧಿವಿಗ್ರಹಿಯಾಗಿದ್ದನು, ಕಿಸುಕಾಡು ನಾಡಿನ ಸಯ್ಯಡಿಯೆಂಬ ಅಗ್ರಹಾರದವನು, ಕ್ರಿ. ಶ. 1031ರ ಸುಮಾರಿಗೆ ವಸುಭಾಗಭಟ್ಟನ ಸಂಸ್ಕೃತ ಪಂಚತಂತ್ರವನ್ನು ಚಂಪೂರೂಪದಲ್ಲಿ ಕನ್ನಡಿಸಿದನು. ಇಷ್ಟನ್ನು ಉತ್ತರಪತ್ರಿಕೆಗಳಲ್ಲಿ ನಾವು ವರುಷವರುಷವೂ ಓದುತ್ತ ಬಂದಿದ್ದೇವೆ. ಸಯ್ಯಡಿಯನ್ನು ಇಂದಿನ ರೋಣ ತಾಲ್ಲೂಕಿನ ಸವಡಿಯೆಂದು ವಿದ್ವಾಂಸರು ಗುರುತಿಸಿರುವರು. ಕಿಸುಕಾಡು ಎಪ್ಪತ್ತರ ಆಡಳಿತವನ್ನು ನೋಡಿಕೊಂಡಿದ್ದ ಅಕ್ಕಾದೇವಿ, ಜಯಸಿಂಹನ ಸೋದರಿ, ನೆಲೆಸಿದ್ದ ಸೂಡಿ ಈಗ ಗಜೇಂದ್ರಗಡ ತಾಲ್ಲೂಕಿನಲ್ಲಿದೆ. ಹೀಗಿದ್ದೂ ರೋಣದಲ್ಲಾಗಲಿ ಗಜೇಂದ್ರಗಡದಲ್ಲಾಗಲಿ ಪದವಿ ತರಗತಿಯಲ್ಲಿ ಕುಳಿತು ದುರ್ಗಸಿಂಹನ ಕಾಲದೇಶಗಳನ್ನು ಬರೆದುಕೊಳ್ಳುವ ವಿದ್ಯಾರ್ಥಿಗೆ, ಆ ಕವಿ ತಾನು ದಿನವೂ ಬಸ್ಸಿನಲ್ಲಿ ಬರುವ ದಾರಿಯವನೆಂಬುದು ಎಷ್ಟರಮಟ್ಟಿಗೆ ತಿಳಿದಿದೆಯೋ ಹೇಳಲಾರೆವು.

ಪಂಚತಂತ್ರ ರಾಜನೀತಿಯ ಗ್ರಂಥವೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ತಪ್ಪಲ್ಲ. ಆದರೆ ಅದರ ಕಟ್ಟನ್ನು ವಿಚಾರಿಸಿ ನೋಡಿದರೆ, ಅದು ಮೊದಲಿಗೆ ಅಧ್ಯಾಪನವನ್ನು ಕುರಿತ ಗ್ರಂಥವೆಂದು ನಮಗೆ ತೋರುತ್ತದೆ. ಉಚ್ಚ ಶಿಕ್ಷಣದಲ್ಲಿ ಉತ್ತಮ ಬೋಧನೆಯೆಂದರೆ ಯಾವುದು ಎಂಬ ಪ್ರಶ್ನೆ ಈಚೆಗೆ ಸಮಿತಿಗಳಲ್ಲಿಯೂ ಮೌಲ್ಯಾಂಕನದ ವರದಿಗಳಲ್ಲಿಯೂ ಬಹಳವಾಗಿ ಕೇಳಿಬರುತ್ತಿದೆ. ಅದಕ್ಕೆ ಉತ್ತರವನ್ನು ನಮ್ಮ ಮನೆಯ ಗ್ರಂಥವೊಂದರಲ್ಲಿ ಅರಸಿ ನೋಡುವುದು ಈ ಲೇಖನದ ಉದ್ದೇಶ.

ಪಂಚತಂತ್ರದ ಪಾಠಗಳು ಹಲವು. ಹೆಚ್ಚು ಪ್ರಚಾರದಲ್ಲಿರುವುದು ವಿಷ್ಣುಶರ್ಮನ ಹೆಸರಿನ ಪಾಠ. ದುರ್ಗಸಿಂಹ ಅನುಸರಿಸಿದ್ದು ಅದನ್ನಲ್ಲ, ವಸುಭಾಗನ ಪರಂಪರೆಯನ್ನು. ವಿಷ್ಣುಶರ್ಮನಲ್ಲಿ ಕಾಣದ ಹಲವು ಕಥೆಗಳು ಇವನಲ್ಲಿವೆ, ಪ್ರಕರಣಗಳ ಅನುಕ್ರಮವೂ ಬೇರೆ. ಈ ಅನುಕ್ರಮದ ವಿಚಾರಕ್ಕೆ ಮುಂದೆ ಬರುವೆವು. ಮೊದಲು ಎಲ್ಲರೂ ಬಲ್ಲ ವಿಷ್ಣುಶರ್ಮನ ಪೀಠಿಕೆಯನ್ನೇ ಎತ್ತಿಕೊಳ್ಳೋಣ.

ಮಹಿಲಾರೋಪ್ಯದ ಅಮರಶಕ್ತಿಗೆ ಮೂವರು ಮಕ್ಕಳು, ಮೂವರೂ ದಡ್ಡರು. ವ್ಯಾಕರಣವೊಂದಕ್ಕೇ ಹನ್ನೆರಡು ವರುಷ ಬೇಕೆಂದು ಪಂಡಿತರು ಹೇಳುತ್ತಾರೆ. ಆಗ ಬರುವವನು ಮುದುಕನಾದ ವಿಷ್ಣುಶರ್ಮ. ಅವನು ದತ್ತಿಯನ್ನು ಒಲ್ಲೆನೆನ್ನುತ್ತಾನೆ, ವಿದ್ಯೆಯನ್ನು ಮಾರುವವನಲ್ಲವೆನ್ನುತ್ತಾನೆ, ಆರು ತಿಂಗಳಲ್ಲಿ ಈ ಮಕ್ಕಳು ನೀತಿಶಾಸ್ತ್ರವನ್ನು ಅರಿಯದಿದ್ದರೆ ತನ್ನ ಹೆಸರನ್ನೇ ಬಿಟ್ಟುಕೊಡುವೆನೆಂದು ಪಣ ತೊಡುತ್ತಾನೆ. ಆರು ತಿಂಗಳೆಂಬ ಮಾತನ್ನು ನಾವು ಅಕ್ಷರಶಃ ನಂಬಬೇಕಾಗಿಲ್ಲ. ಅಂಥ ಪ್ರತಿಜ್ಞೆಗಳನ್ನು ಇಂದು ಧಾರವಾಡದ ಬೀದಿಗಳಲ್ಲಿ ತರಬೇತಿ ಕೇಂದ್ರಗಳ ಫಲಕಗಳ ಮೇಲೆ ಬೇಕಾದಷ್ಟು ಓದಬಹುದು. ಲಕ್ಷಿಸಬೇಕಾದ ಅಂಶ ಬೇರೊಂದು. ಇಲ್ಲಿ ಪರೀಕ್ಷೆಗೆ ನಿಂತವರು ರಾಜಕುಮಾರರಲ್ಲ, ಆಚಾರ್ಯ. ಶಿಷ್ಯರು ಕಲಿಯದಿದ್ದರೆ ಹೋಗುವುದು ಅವನ ಹೆಸರು. ಹಿಂದಿನ ಗುರುಗಳು ಮಕ್ಕಳ ಮಾಂದ್ಯವನ್ನು ಕಂಡರು. ಇವನು ಹಿಂದಿನ ಬೋಧನೆಯ ಮಾಂದ್ಯವನ್ನು ಕಂಡನು. ದಡ್ಡತನವು ಹುಡುಗನ ಸ್ವಭಾವವೋ, ಅವನಿಗೆ ಇದುವರೆಗೆ ಕಲಿಸಿದ ಕ್ರಮದ ಫಲವೋ ಎಂಬ ಸಂಶಯ ಹುಟ್ಟಿದಲ್ಲಿಯೇ ಅಧ್ಯಾಪನವೆಂಬ ವಿದ್ಯೆ ಹುಟ್ಟುತ್ತದೆಯೆಂದು ನಾವು ತಿಳಿಯುತ್ತೇವೆ.

ನಮ್ಮ ಮಹಾವಿದ್ಯಾಲಯಗಳ ವ್ಯವಸ್ಥೆ ಇದಕ್ಕೆ ತಿರುಗುಮುರುಗಾಗಿದೆ. ರೋಣ, ನರಗುಂದ, ಗಜೇಂದ್ರಗಡಗಳ ಪದವಿ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹುಮಂದಿ ಎರೆನೆಲದ ಹಳ್ಳಿಗಳವರು. ಜೋಳ, ಕಡಲೆ, ಹತ್ತಿ ಬೆಳೆಯುವ ಮನೆಗಳಿಂದ ಬರುವವರುಂಟು. ಗಜೇಂದ್ರಗಡದಲ್ಲಿ ಮಗ್ಗದ ಸಪ್ಪಳ ಕೇಳಿ ಬೆಳೆದವರುಂಟು. ಕನ್ನಡದಲ್ಲಿ ಹನ್ನೆರಡು ವರುಷ ಓದಿದ ಹುಡುಗಿಯೊಬ್ಬಳು ವಾಣಿಜ್ಯಕ್ಕೋ ವಿಜ್ಞಾನಕ್ಕೋ ಸೇರಿದೊಡನೆ ಪಾಠ ಇಂಗ್ಲಿಷಿನಲ್ಲಿ ನಡೆಯತೊಡಗುತ್ತದೆ. ಅವಳು ಮೌನವಾಗುತ್ತಾಳೆ. ಮೌನವನ್ನು ನಾವು ವಿನಯವೆಂದು ಓದಿಕೊಳ್ಳುತ್ತೇವೆ, ಇಲ್ಲವೆ ಮಾಂದ್ಯವೆಂದು. ಬಳಿಕ ನೋಟ್ಸು ಬರೆಯಿಸುತ್ತೇವೆ. ಅವಳು ಅದನ್ನು ಬಾಯಿಪಾಠ ಮಾಡಿ ಉತ್ತೀರ್ಣಳಾಗುತ್ತಾಳೆ. ಕಾಲೇಜಿನ ಫಲಿತಾಂಶ ಚೆನ್ನಾಗಿದೆಯೆಂದು ವಾರ್ಷಿಕೋತ್ಸವದಲ್ಲಿ ಓದಿಹೇಳುತ್ತೇವೆ. ಇಡೀ ಮೂರು ವರುಷಗಳಲ್ಲಿ ಆ ಹುಡುಗಿಯ ಸ್ವಂತ ಮಾತಿನ ಒಂದು ವಾಕ್ಯವನ್ನಾದರೂ ಯಾವ ಅಧ್ಯಾಪಕನೂ ಕೇಳಿರದೆ ಇರುವುದು ಸಾಧ್ಯ. ಸಾಧ್ಯವೇನು, ಸಾಮಾನ್ಯ.

ಈ ದೋಷವನ್ನು ಹೊಸದಾಗಿ ಕಂಡವರು ನಾವಲ್ಲ. 1948-49ರ ರಾಧಾಕೃಷ್ಣನ್ ಆಯೋಗವೇ ಉಪನ್ಯಾಸವೊಂದನ್ನೇ ನೆಚ್ಚಿಕೊಂಡ ಬೋಧನೆಗೆ ಬದಲಾಗಿ ಸಣ್ಣ ಗುಂಪುಗಳ ಪಾಠವನ್ನೂ ಚರ್ಚಾಗೋಷ್ಠಿಯನ್ನೂ ಎತ್ತಿಹಿಡಿದಿತ್ತು. ಆಮೇಲೆ 1956ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗಕ್ಕೆ ಶಾಸನಾಧಿಕಾರ ಬಂದಿತು, 1994ರಲ್ಲಿ ನ್ಯಾಕ್ ಸಂಸ್ಥೆ ಬಂದಿತು. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರುಷದ ಪದವಿಯ ಕ್ರಮ ಬಂದು 2024ರಲ್ಲಿ ಮರಳಿ ಮೂರು ವರುಷಕ್ಕೆ ಇಳಿಯಿತು. ಅಭ್ಯಾಸಕ್ರಮಗಳು ಬದಲಾದಷ್ಟು ಬೇಗ ತರಗತಿಯ ಒಳಗಿನ ಮಾತು ಬದಲಾಗಲಿಲ್ಲ.

ದುರ್ಗಸಿಂಹನ ಗ್ರಂಥ ಇಲ್ಲಿ ನಮಗೆ ಏನನ್ನು ಕೊಡಬಲ್ಲುದು? ಮೊದಲನೆಯದಾಗಿ, ಕಥೆ ನಡೆಯುವ ಕ್ರಮ. ಪಂಚತಂತ್ರದ ಎಲ್ಲ ಪಾಠಗಳಿಗೂ ಸಾಮಾನ್ಯವಾದ ಒಂದು ಹೊಂದಿಕೆ ಇದು. ಪಾತ್ರವೊಂದು ನೀತಿಯ ಮಾತನ್ನು ಸೂತ್ರವಾಗಿ ಹೇಳುತ್ತದೆ. ಆ ಮಾತಿನಲ್ಲಿ ಯಾವುದೋ ಪ್ರಾಣಿಗೆ ಒದಗಿದ ಗತಿಯ ಸೂಚನೆಯಿರುತ್ತದೆ. ಆದರೆ ಅದಷ್ಟರಿಂದಲೇ ಅರ್ಥವಾಗುವುದಿಲ್ಲ. ಕೇಳುವವನು ಅದು ಹೇಗೆಂದು ಕೇಳಬೇಕು. ಕೇಳಿದ ಮೇಲೆಯೇ ಕಥೆ. ಸಂಸ್ಕೃತದಲ್ಲಿ ‘ಕಥಮೇತತ್’ ಎಂಬ ಈ ಚಿಕ್ಕ ಪ್ರಶ್ನೆಯನ್ನು ಓದುವವರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಕಥೆಗಳನ್ನು ಪೋಣಿಸುವ ದಾರವೆಂದಷ್ಟೇ ಎಣಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಗ್ರಂಥದ ಜೀವವೇ ಅಲ್ಲಿದೆ. ಹೇಳುವವನು ತಾನು ಬಲ್ಲುದನ್ನು ಒಮ್ಮೆಗೇ ಸುರಿಯುವುದಿಲ್ಲ. ಅರ್ಧವನ್ನು ಇಟ್ಟು, ಇನ್ನರ್ಧದ ಹಸಿವನ್ನು ಹುಟ್ಟಿಸುತ್ತಾನೆ. ಪ್ರಶ್ನೆ ಹುಟ್ಟುವ ಮೊದಲೇ ಉತ್ತರ ಬಂದರೆ ಅದು ಕಿವಿಯ ಮೇಲೆ ಬಿದ್ದು ಕೆಳಗೆ ಹೋಗುತ್ತದೆ. ನಮ್ಮ ತರಗತಿಗಳಲ್ಲಿ ಆಗುವುದು ಇದೇ. ವಚನಸಾಹಿತ್ಯದ ಲಕ್ಷಣಗಳು ಎಂಟು ಎಂದು ಶುರುಮಾಡಿ ಎಂಟನ್ನೂ ಬರೆಯಿಸುತ್ತೇವೆ. ಲಕ್ಷಣವೊಂದು ಯಾಕೆ ಬೇಕಾಯಿತೆಂಬ ಗೊಂದಲವನ್ನು ವಿದ್ಯಾರ್ಥಿ ಒಂದು ಗಳಿಗೆಯಾದರೂ ಅನುಭವಿಸಿರುವುದಿಲ್ಲ.

ಎರಡನೆಯ ಅಂಶ ಇದಕ್ಕಿಂತ ಸೂಕ್ಷ್ಮವಾದುದು. ಭೇದಪ್ರಕರಣವನ್ನು ನೋಡಿರಿ. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಸ್ನೇಹ. ದಮನಕನೆಂಬ ನರಿ ಅದನ್ನು ಒಡೆಯುತ್ತದೆ. ಒಡೆಯುವುದು ಬಲದಿಂದಲ್ಲ, ಮಾತಿನಿಂದ. ಈ ಪ್ರಕರಣದಲ್ಲಿ ಅತ್ಯಂತ ವಾಗ್ಮಿಯಾದವನು, ಸಮಯೋಚಿತವಾದ ದೃಷ್ಟಾಂತಗಳನ್ನು ತರಬಲ್ಲವನು, ಕೇಳುವವನ ಮನಸ್ಸನ್ನು ಅರಿತು ಮಾತನಾಡುವವನು ದಮನಕನೇ. ಇಂದಿನ ಪ್ರತಿಕ್ರಿಯಾಪತ್ರವೊಂದನ್ನು ಪಿಂಗಳಕನ ಕೈಗೆ ಕೊಟ್ಟಿದ್ದರೆ ವಿಷಯಜ್ಞಾನ, ನಿರೂಪಣೆ, ಆಸಕ್ತಿ ಹುಟ್ಟಿಸುವ ಶಕ್ತಿ ಎಲ್ಲದರಲ್ಲಿಯೂ ದಮನಕನಿಗೆ ಪೂರ್ಣಾಂಕ ಕೊಡುತ್ತಿದ್ದನು. ಆದರೆ ಆ ಬೋಧನೆಯ ಫಲವೇನು? ಶಿಷ್ಯನು ಸ್ವಂತ ವಿವೇಚನೆಯನ್ನು ಕಳೆದುಕೊಂಡು, ತನ್ನ ಮಿತ್ರನನ್ನು ತಾನೇ ಕೊಂದನು. ಕರಟಕನೂ ನೀತಿಯನ್ನೇ ಮಾತನಾಡುತ್ತಾನೆ, ಅವನೂ ದೃಷ್ಟಾಂತಗಳನ್ನೇ ಕೊಡುತ್ತಾನೆ. ಒಂದೇ ಶಾಸ್ತ್ರದಿಂದ ಇಬ್ಬರೂ ಎದುರುಬದುರು ತೀರ್ಮಾನಗಳಿಗೆ ಬರುತ್ತಾರೆ. ಇಂಥ ಗ್ರಂಥವನ್ನು ಬಾಯಿಪಾಠ ಮಾಡಿದವನಿಗೆ ಏನೂ ದಕ್ಕುವುದಿಲ್ಲ; ಯಾವ ಮಾತು ಯಾರ ಬಾಯಿಂದ, ಯಾವ ಉದ್ದೇಶದಿಂದ ಬಂದಿತೆಂದು ತೂಗಿ ನೋಡಿದವನಿಗೆ ಮಾತ್ರ ದಕ್ಕುತ್ತದೆ.

ಈಗ ಅನುಕ್ರಮದ ವಿಚಾರ. ವಿಷ್ಣುಶರ್ಮನ ಪಾಠದಲ್ಲಿ ಮಿತ್ರಭೇದವಾದೊಡನೆ ಮಿತ್ರಲಾಭ ಬರುತ್ತದೆ; ವಿಚಾರಿಸದೆ ಮಾಡಿದ ಕಾರ್ಯದ ಕಥೆಗಳು ಕೊನೆಗೆ ಬರುತ್ತವೆ. ದುರ್ಗಸಿಂಹನಲ್ಲಿ ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬ ಕ್ರಮ. ಇದು ಅವನ ಸ್ವಂತದ ಕಲ್ಪನೆಯಲ್ಲ, ವಸುಭಾಗನಿಂದ ಬಂದದ್ದು; ಆದರೂ ಅಧ್ಯಾಪನದ ದೃಷ್ಟಿಯಿಂದ ಇದೇ ಮೇಲೆಂದು ನಮ್ಮ ಅಭಿಪ್ರಾಯ. ಮಾತಿಗೆ ಮರುಳಾಗಿ ಕೆಟ್ಟ ಸಿಂಹದ ಕಥೆಯಾದೊಡನೆ ವಿದ್ಯಾರ್ಥಿಯನ್ನು ಪರೀಕ್ಷೆಯ ಮುಂದೆ ನಿಲ್ಲಿಸುತ್ತದೆ: ಕಂಡದ್ದನ್ನು ಕಂಡಂತೆಯೇ ನಂಬಬಹುದೆ? ಮಗುವನ್ನು ಹಾವಿನಿಂದ ಉಳಿಸಿದ ಮುಂಗುಸಿಯ ಬಾಯಲ್ಲಿ ರಕ್ತವನ್ನು ಕಂಡು ಅದನ್ನೇ ಕೊಂದವರ ಕಥೆ ಈ ಜಾತಿಯದು. ಇಲ್ಲಿ ಪರೀಕ್ಷೆಯೆಂಬ ಶಬ್ದದ ಅರ್ಥವನ್ನು ಗಮನಿಸಬೇಕು. ಸುತ್ತಲೂ ನೋಡುವುದು, ಒರೆಹಚ್ಚಿ ನೋಡುವುದು ಅದರ ಅರ್ಥ. ನೋಡುವವನು ವಿದ್ಯಾರ್ಥಿ. ನಾವು ಅದೇ ಶಬ್ದವನ್ನು ತೆಗೆದುಕೊಂಡು ವಿದ್ಯಾರ್ಥಿಯನ್ನು ನೋಡುವ ಕ್ರಿಯೆಗೆ ಹೆಸರಾಗಿಟ್ಟೆವು; ಅದೂ ಮೂರು ತಾಸಿನ ಕ್ರಿಯೆಗೆ. ಪರೀಕ್ಷೆ ಮಾಡಲು ಕಲಿಸುವುದಕ್ಕೂ ಪರೀಕ್ಷೆಗೆ ಕಲಿಸುವುದಕ್ಕೂ ಇರುವ ಅಂತರದಲ್ಲಿ ಉತ್ತಮ ಅಧ್ಯಾಪಕನೂ ಉಳಿದವರೂ ಬೇರೆಯಾಗುತ್ತಾರೆ.

ದುರ್ಗಸಿಂಹನು ವೃತ್ತಿಯಿಂದ ಅಧ್ಯಾಪಕನಲ್ಲ, ರಾಜಕಾರ್ಯದಲ್ಲಿದ್ದವನು. ಸಂಧಿಯೂ ವಿಗ್ರಹವೂ ಅವನ ದಿನದ ಕೆಲಸ. ಸಂಸ್ಕೃತದಲ್ಲಿಯೇ ಇರಬಹುದಾಗಿದ್ದ ಶಾಸ್ತ್ರವನ್ನು ಕನ್ನಡಕ್ಕೆ, ಅದರಲ್ಲಿಯೂ ಬಹುಭಾಗ ಗದ್ಯಕ್ಕೆ, ತಂದದ್ದು ಓದುಗನ ಕಡೆಗೆ ಅವನು ಇಟ್ಟ ಹೆಜ್ಜೆ. ಅವನ ಗದ್ಯದಲ್ಲಿ ಸಂಸ್ಕೃತ ಸಮಾಸಗಳ ಭಾರ ಕೆಲವೆಡೆ ಅತಿಯಾಗಿದೆಯೆಂದು ಒಪ್ಪಬೇಕು. ಪಾಂಡಿತ್ಯದ ಆಶೆ ಅವನನ್ನೂ ಬಿಟ್ಟಿಲ್ಲ. ಆದರೆ ಕಥೆ ವೇಗವಾಗಿ ನಡೆಯುವಲ್ಲಿ ಮಾತು ತಿಳಿಯಾಗುತ್ತದೆ. ಕೇಳುವವನ ಭಾಷೆಯಲ್ಲಿ ಶಾಸ್ತ್ರವನ್ನು ಹೇಳಿದರೆ ಶಾಸ್ತ್ರ ಹಗುರವಾಗುವುದಿಲ್ಲವೆಂಬುದಕ್ಕೆ ಸುಮಾರು ಸಾವಿರ ವರುಷದ ಹಿಂದಿನ ಸಾಕ್ಷಿ ಇದು. ರೋಣದ ತರಗತಿಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವವನ್ನು ಮೊದಲು ಹತ್ತಿಯ ಪೇಟೆಯ ಮಾತಿನಲ್ಲಿ ಹೇಳಿ, ಆಮೇಲೆ ಇಂಗ್ಲಿಷಿನ ಪರಿಭಾಷೆಗೆ ಸೇತುವೆ ಕಟ್ಟಿದರೆ ವಿಷಯದ ಘನತೆಗೆ ಊನ ಬರುವುದಿಲ್ಲ. ಪರಿಭಾಷೆಯನ್ನು ಬಿಟ್ಟುಬಿಡುವುದು ಮಾತ್ರ ವಿದ್ಯಾರ್ಥಿಗೆ ಮಾಡುವ ಮೋಸ. ಅವನು ನಾಳೆ ಧಾರವಾಡಕ್ಕೋ ಬೆಂಗಳೂರಿಗೋ ಹೋಗುವವನು.

ನರಗುಂದದ ಉದಾಹರಣೆಯೊಂದನ್ನು ಇಲ್ಲಿ ಕೊಡಬಹುದು. 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ರೈತರ ಚಳವಳಿಯ ಮೇಲೆ ಗೋಲಿಬಾರು ನಡೆದು ಜೀವಹಾನಿಯಾಯಿತು. ಮಲಪ್ರಭೆಯ ಕಾಲುವೆಯ ನೀರು, ಅದಕ್ಕೆ ಹಾಕಿದ ಅಭಿವೃದ್ಧಿ ಕರ, ಬೆಳೆಯ ಬೆಲೆ ಇವೆಲ್ಲ ಅದರ ಹಿಂದಿದ್ದವು. ಪ್ರತಿವರ್ಷವೂ ಅಲ್ಲಿ ಹುತಾತ್ಮರ ಸ್ಮರಣೆ ನಡೆಯುತ್ತದೆ. ನರಗುಂದದ ವಿದ್ಯಾರ್ಥಿಗೆ ಈ ಕಥೆ ಮನೆಯಲ್ಲಿಯೇ ಗೊತ್ತು. ಸಾಧಾರಣ ಅಧ್ಯಾಪಕ ಇದನ್ನು ಅಭ್ಯಾಸಕ್ರಮದ ಹೊರಗಿನದೆಂದು ಬಿಡುತ್ತಾನೆ. ಜನಪ್ರಿಯ ಅಧ್ಯಾಪಕ ಇದನ್ನು ವೀರಗಾಥೆಯಾಗಿ ಹೇಳಿ ಚಪ್ಪಾಳೆ ಪಡೆಯುತ್ತಾನೆ. ಮೂರನೆಯವನೊಬ್ಬ ಇರಬಹುದು. ಅವನು ಕೇಳುತ್ತಾನೆ: ನೀರಾವರಿಯ ಬಂಡವಾಳವನ್ನು ಯಾರು ಹೊರಬೇಕು? ನೀರು ಹೊಲಕ್ಕೆ ತಲುಪುವ ಮೊದಲೇ ಕರ ಕೇಳುವುದು ನ್ಯಾಯವೆ? ಸರ್ಕಾರದ ಲೆಕ್ಕವನ್ನು ನೀವು ಮಾಡಿದ್ದರೆ ಹೇಗೆ ಮಾಡುತ್ತಿದ್ದಿರಿ? ತಾನು ಹುಟ್ಟಿನಿಂದ ಒಪ್ಪಿಕೊಂಡು ಬಂದ ಪಕ್ಷದ ಎದುರು ಪಕ್ಷವನ್ನೂ ಒಂದು ಗಂಟೆ ಹೊತ್ತು ವಾದಿಸಬೇಕಾಗಿ ಬಂದ ವಿದ್ಯಾರ್ಥಿ ಅರ್ಥಶಾಸ್ತ್ರದ ಒಳಗೆ ಬಂದನು. ಅವನ ಮೂಲ ಅಭಿಪ್ರಾಯ ಬದಲಾಗಬೇಕಾದ್ದಿಲ್ಲ. ಅದು ಅವನದಾಗಿರಬೇಕು, ಅಷ್ಟೆ.

ಗುರುಕುಲದ ಮಾತನ್ನು ಎತ್ತದೆ ಅಧ್ಯಾಪನದ ಚರ್ಚೆ ನಮ್ಮಲ್ಲಿ ಮುಗಿಯುವುದಿಲ್ಲ. ರೋಣಕ್ಕೆ ಇದರ ಮೇಲೆ ವಿಶೇಷ ಹಕ್ಕುಂಟು. 1922ರಲ್ಲಿ ಅಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸಿ ಮನೆ ಬಿಟ್ಟು, ಉತ್ತರದ ಊರುಗಳನ್ನೆಲ್ಲ ಅಲೆದು, ಕಡೆಗೆ 1936ರ ಹೊತ್ತಿಗೆ ಮನೆಯ ಸಮೀಪದ ಕುಂದಗೋಳದಲ್ಲಿಯೇ ಸವಾಯಿ ಗಂಧರ್ವರನ್ನು ಕಂಡುಕೊಂಡರು. ಅಲ್ಲಿ ಮನೆಗೆಲಸ ಮಾಡಿದರು, ನೀರು ಹೊತ್ತರು. ಬಹುಕಾಲ ಕೆಲವೇ ರಾಗಗಳನ್ನು ತಿದ್ದಿಸಿಕೊಂಡರು. ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಶಿಷ್ಯನ ತಪಸ್ಸನ್ನು ಕೊಂಡಾಡುತ್ತಾರೆ, ಇಂದಿನ ವಿದ್ಯಾರ್ಥಿಗಳಿಗೆ ಆ ಶ್ರದ್ಧೆಯಿಲ್ಲವೆಂದು ನಿಟ್ಟುಸಿರುಬಿಡುತ್ತಾರೆ. ಇದು ನಮಗೆ ಸಮ್ಮತವಲ್ಲ. ನೀರು ಹೊರುವುದರಿಂದ ಸಂಗೀತ ಬರುವುದಿಲ್ಲ. ಗುರುವನ್ನು ಅರಸಿ ನಾಡೆಲ್ಲ ಅಲೆಯುವ ಸ್ವಾತಂತ್ರ್ಯ ಹನ್ನೊಂದರ ಹುಡುಗಿಗೆ ಅಂದು ಇರಲಿಲ್ಲ, ಇಂದೂ ಇಲ್ಲ. ಅದೇ ಗುರುವಿನ ಶಿಷ್ಯೆಯಾದ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿಬಂದು ಕಲಿತದ್ದನ್ನು ನೆನೆದರೆ, ಗುರುವಿನ ಮನೆಯ ವಾಸವೂ ಆ ಬೋಧನೆಯ ತಿರುಳಲ್ಲವೆಂದು ತಿಳಿಯುತ್ತದೆ. ತಿರುಳಾದದ್ದು ಬೇರೆ: ಗುರು ಶಿಷ್ಯನ ದನಿಯನ್ನು ಕೇಳಿಸಿಕೊಳ್ಳುತ್ತಿದ್ದನು. ಸ್ವರ ಎಲ್ಲಿ ಜಾರಿತು ಎಂಬುದನ್ನು ಆ ಕ್ಷಣದಲ್ಲಿಯೇ ಹಿಡಿದು ನಿಲ್ಲಿಸುತ್ತಿದ್ದನು. ಮತ್ತೊಂದು ಮಾತೂ ಉಂಟು. ಆ ಇಬ್ಬರು ಶಿಷ್ಯರ ಗಾಯನ ಒಂದರಂತೆ ಒಂದಿಲ್ಲ. ಗುರುವಿನ ಗಾಯನದಂತೆಯೂ ಇಲ್ಲ.

ನೂರು ಜನರ ತರಗತಿಯಲ್ಲಿ ಇದು ಹೇಗೆ ಸಾಧ್ಯವೆಂದು ಸಹೋದ್ಯೋಗಿಗಳು ಕೇಳುವರು. ನ್ಯಾಯವಾದ ಪ್ರಶ್ನೆ. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲನ್ನು ಅತಿಥಿ ಉಪನ್ಯಾಸಕರೆಂಬ ಹೆಸರಿನಲ್ಲಿ ದುಡಿಯುವವರು ಹೊತ್ತಿರುವರು. ಮುಂದಿನ ವರುಷ ತಾನು ಇಲ್ಲಿರುವೆನೋ ಇಲ್ಲವೋ ಅರಿಯದವನಿಗೆ ಶಿಷ್ಯನ ಹೆಸರನ್ನು ನೆನಪಿಡೆಂದು ಉಪದೇಶಿಸುವುದು ಸುಲಭ. ವಿಷ್ಣುಶರ್ಮನು ದತ್ತಿಯನ್ನು ಒಲ್ಲೆನೆಂದದ್ದನ್ನು ಮುಂದಿಟ್ಟುಕೊಂಡು ಅಧ್ಯಾಪಕರ ವೇತನವನ್ನು ಕಡಿಮೆಮಾಡುವವರು ಬಂದರೆ, ಅದೇ ಶತಮಾನದ ಶಾಸನವನ್ನು ನಾವು ಅವರ ಮುಂದಿಡಬೇಕು. 1058ರ ನಾಗಾವಿಯ ಶಾಸನ ಘಟಿಕಾಸ್ಥಾನವೊಂದರ ವಿವರವನ್ನು ಕೊಡುತ್ತದೆ. ವೇದ ಓದುವವರು 200 ಜನ, ಶಾಸ್ತ್ರ ಓದುವವರು 52 ಜನ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಅವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಗ್ರಂಥಪಾಲಕರು. ಇವರೆಲ್ಲರಿಗೂ ಭೂಮಿಯ ಆಧಾರವಿತ್ತು. ಆ ವಿದ್ಯೆ ಸಮಾಜದ ಒಂದು ಚಿಕ್ಕ ವರ್ಗಕ್ಕೆ ಮಾತ್ರ ಮೀಸಲಾಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೂ ಕಂಠಪಾಠವೇ ವಿಧಿಯಾಗಿದ್ದ ವೇದಕ್ಕೆ ಅರುವತ್ತಾರು ಜನಕ್ಕೊಬ್ಬ ಉಪಾಧ್ಯಾಯ, ವಾದವಿವಾದ ಬೇಕಾದ ಶಾಸ್ತ್ರಕ್ಕೆ ಹದಿನೇಳು ಹದಿನೆಂಟು ಜನಕ್ಕೊಬ್ಬ ಎಂಬ ವಿವೇಕ ಅವರಲ್ಲಿತ್ತು. ಉಪಾಧ್ಯಾಯರಷ್ಟೇ ಸಂಖ್ಯೆಯ ಗ್ರಂಥಪಾಲಕರಿದ್ದರೆಂಬುದನ್ನು ಓದುವಾಗ, ಬೀಗ ಹಾಕಿದ ಕಪಾಟುಗಳ ನಮ್ಮ ಕಾಲೇಜು ಗ್ರಂಥಾಲಯಗಳು ಕಣ್ಣಮುಂದೆ ಬರುತ್ತವೆ.

ವೇತನ, ನೇಮಕಾತಿ, ಸಂಖ್ಯೆ ಇವು ಸರ್ಕಾರದ ಕೈಯಲ್ಲಿರುವ ಮಾತು. ಅದಕ್ಕಾಗಿ ಹೋರಾಡುವುದು ಬೇರೆ ವೇದಿಕೆಯ ಕೆಲಸ. ಅಧ್ಯಾಪಕನ ಕೈಯಲ್ಲಿಯೇ ಇರುವುದು ಪ್ರಶ್ನೆ. ತರಗತಿಯಲ್ಲಿ ಕೇಳುವ ಪ್ರಶ್ನೆ, ಕಿರುಪರೀಕ್ಷೆಯಲ್ಲಿ ಕೊಡುವ ಪ್ರಶ್ನೆ. ಇದಕ್ಕೆ ಯಾವ ಆಯೋಗದ ಅನುಮತಿಯೂ ಬೇಡ. ನೂರು ಜನರಿದ್ದರೆ ವಾರಕ್ಕೆ ಹತ್ತು ಜನರ ಒಂದೊಂದು ಪುಟವನ್ನು ಓದಿ ತಿದ್ದಬಹುದು. ಅವಧಿ ಮುಗಿಯುವುದರೊಳಗೆ ಪ್ರತಿಯೊಬ್ಬರ ದನಿಯನ್ನೂ ಒಮ್ಮೆಯಾದರೂ ಕೇಳಿದಂತಾಗುತ್ತದೆ. ಮೊದಲು ಬರುವ ಪುಟಗಳು ನಿರಾಸೆಯನ್ನೇ ಉಂಟುಮಾಡುತ್ತವೆ. ಮಾರುಕಟ್ಟೆಯ ಗೈಡುಗಳಿಂದ ಇಳಿಸಿದವೂ ಇರುತ್ತವೆ, ಈಗೀಗ ಯಂತ್ರವೇ ಬರೆದುಕೊಟ್ಟವೂ ಇರುತ್ತವೆ. ಗೈಡಿನಲ್ಲಿ ಸಿಕ್ಕುವ ಉತ್ತರವುಳ್ಳ ಪ್ರಶ್ನೆಯನ್ನು ಕೇಳಿದರೆ ಗೈಡಿನ ಉತ್ತರವೇ ಬರುವುದು ಸಹಜ; ಆ ತಪ್ಪಿನಲ್ಲಿ ಅರ್ಧ ಪಾಲು ಕೇಳಿದವನದು.

ಉದಾಹರಣೆಗೆ ದುರ್ಗಸಿಂಹನನ್ನೇ ತೆಗೆದುಕೊಳ್ಳೋಣ. ‘ದುರ್ಗಸಿಂಹನ ಕಾಲ, ದೇಶ, ಕೃತಿಗಳನ್ನು ಕುರಿತು ಬರೆಯಿರಿ’ ಎಂಬುದು ನಾವು ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆ. ಇದನ್ನು ಬಿಟ್ಟು ಹೀಗೆ ಕೇಳಿ ನೋಡಬಹುದು: ದಮನಕನ ಯಾವ ಮಾತಿಗೆ ಪಿಂಗಳಕನು ತಡೆದು ಪ್ರಶ್ನೆ ಹಾಕಬೇಕಾಗಿತ್ತು? ಹಾಕಿದ್ದರೆ ದಮನಕನು ಏನು ಹೇಳುತ್ತಿದ್ದನು? ನಿಮ್ಮ ಊರಿನ ಯಾವುದಾದರೂ ಒಂದು ಜಗಳದಲ್ಲಿ ಅಂಥ ಮಾತನ್ನು ಕೇಳಿದ್ದೀರಾ? ಉತ್ತರ ಒಂದು ಪುಟಕ್ಕೆ ಮೀರಬಾರದು. ಪುಸ್ತಕವನ್ನು ತೆರೆದಿಟ್ಟುಕೊಂಡು ಬರೆಯಬಹುದು.